ಮೆಸ್ ಬಿಲ್ಲಿನ ಬಾಕಿ 2,400 ರೂಪಾಯಿ

ನಿಮ್ಮ ಫೋನಿನಲ್ಲೂ ಅಂಥದ್ದೊಂದು ವಾಟ್ಸ್‌ಆ್ಯಪ್ ಗ್ರೂಪ್ ಇದ್ದೇ ಇರುತ್ತೆ. ಹೆಸರಿನ ಕೊನೆಗೊಂದು ಇಸವಿ, ಒಳಗೆ ಐವತ್ತು ಅರವತ್ತು ಜನ, ಮಾತಾಡೋರು ಐದಾರು ಮಂದಿ. ಉಳಿದವರದು ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ, ಯುಗಾದಿಗೊಂದು ಬೇವುಬೆಲ್ಲದ ಚಿತ್ರ, ಅಷ್ಟೆ. ನಮ್ಮದು 'ಎಂಬಿಎ 2009'. ಮೈಸೂರಿನಲ್ಲಿ ಎರಡು ವರ್ಷ ಒಟ್ಟಿಗೆ ಓದಿ, ಒಂದೇ ಮೆಸ್ಸಿನ ನೀರುಸಾರು ಉಂಡವರು. ಹದಿನೈದು ವರ್ಷವಾಯಿತು, ಡಿಸೆಂಬರಿನಲ್ಲಿ ಮೈಸೂರಲ್ಲೇ ಸೇರೋಣ ಅಂತ ನಮ್ಮ ಹಳೇ ಸಿ.ಆರ್. ಮೆಸೇಜ್ ಹಾಕಿದಾಗ ನಾನೂ ಹೆಬ್ಬೆಟ್ಟು ಒತ್ತಿದೆ. ಒತ್ತಿದ ಮೇಲೆ ಯೋಚನೆ ಶುರುವಾಯಿತು.

ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು.

ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನಂಜನಗೂಡಿನಲ್ಲಿರುವ ಅಮ್ಮನಿಗೂ ಹೇಳಿರಲಿಲ್ಲ. ಮಗಳ ಪಾಲಿಗೆ ಅಪ್ಪನದು ವರ್ಕ್ ಫ್ರಮ್ ಹೋಮ್. ಲಿಂಕ್ಡ್‌ಇನ್‌ನಲ್ಲಿ ಹಳೇ ಹುದ್ದೆ ಹಾಗೇ ಇತ್ತು. ಬದಲಾಯಿಸೋಣ ಅಂತ ಮೂರು ಸಲ ತೆರೆದು ಮೂರು ಸಲವೂ ಮುಚ್ಚಿದ್ದೆ. ಮೈಸೂರಿಗೆ ಹೋಗದೇ ಇರಬಹುದಿತ್ತು, ನೆಪಕ್ಕೇನು ಬರಗಾಲವೇ. ಆದರೆ ಒಬ್ಬನನ್ನು ನೋಡಬೇಕಿತ್ತು. ಅವನಿಗೆ ನಾನು ಕೊಡಬೇಕಾದ ಬಾಕಿಯೊಂದಿತ್ತು.

(ಇಲ್ಲಿ ಯಾರ ಹೆಸರೂ ಬೇಡ, ಹಾಸ್ಟೆಲಿನ ಅಡ್ಡಹೆಸರೇ ಸಾಕು ಅಂತ ಅವರೇ ಹೇಳಿದ್ದಾರೆ. ನನ್ನದು 'ಕ್ಯಾಲ್ಕಿ'. ಪರೀಕ್ಷೆ ಇಲ್ಲದ ದಿನವೂ ಜೇಬಿನಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ತಿರುಗುತ್ತಿದ್ದೆ.)

ಬಾಕಿಯ ವಿಷಯ ಹೇಳಬೇಕಾದರೆ ನಮ್ಮ ಬ್ಯಾಚಿನ ಹಣೆಬರಹ ಹೇಳಬೇಕು. ನಾವು ಸೇರಿದ್ದು 2007ರಲ್ಲಿ. ಆ ಅಕ್ಟೋಬರ್ ಕೊನೆಯಲ್ಲಿ ಸೆನ್ಸೆಕ್ಸ್ ಮೊದಲ ಬಾರಿಗೆ 20,000 ಮುಟ್ಟಿದಾಗ ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಕೊಡಿಸಿ ಸಂಭ್ರಮಿಸಿದ್ದೆವು. ನಮ್ಮಲ್ಲಿ ಒಬ್ಬರ ಹತ್ತಿರವೂ ಒಂದೇ ಒಂದು ಷೇರು ಇರಲಿಲ್ಲ! ಮುಂದಿನ ವರ್ಷ ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ದಿವಾಳಿ ಎದ್ದಿತು. 2009ರ ಜನವರಿ 7ಕ್ಕೆ ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕ ಸುಳ್ಳು ಅಂತ ಪತ್ರ ಬರೆದರು. ಕ್ಯಾಂಪಸ್‌ಗೆ ಬರಬೇಕಿದ್ದ ಕಂಪನಿಗಳು ಒಂದೊಂದಾಗಿ ಕೈ ಎತ್ತಿದವು. ನನ್ನ ಕೈಯಲ್ಲಿ ಒಂದು ಆಫರ್ ಲೆಟರ್ ಇತ್ತು. ಸೇರುವ ದಿನಾಂಕ ಮೂರು ಸಲ ಮುಂದಕ್ಕೆ ಹೋಗಿ, ಕೊನೆಗೆ ನಾಲ್ಕು ಸಾಲಿನ ಈಮೇಲ್ ಬಂತು.

ಓದಿಗೆ ಮಾಡಿದ್ದ ಸಾಲ 4 ಲಕ್ಷದೊಳಗಿತ್ತು, ಹಾಗಾಗಿ ಅಪ್ಪ ಯಾವ ಪತ್ರವನ್ನೂ ಅಡ ಇಡಬೇಕಾಗಿರಲಿಲ್ಲ. ಕೋರ್ಸ್ ಮುಗಿದು ಒಂದು ವರ್ಷ, ಇಲ್ಲವೇ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಆಗ ಕಂತು ಶುರು. ಕಂತು ಕಾಯುತ್ತೆ, ಬಡ್ಡಿ ಕಾಯಲ್ಲ. ಮೆಸ್ಸಿನವರೂ ಕಾಯಲಿಲ್ಲ. ಎರಡು ತಿಂಗಳ ಬಿಲ್ಲು 2,400 ರೂಪಾಯಿ ಕಟ್ಟದೆ ನೋ ಡ್ಯೂಸ್ ಇಲ್ಲ, ನೋ ಡ್ಯೂಸ್ ಇಲ್ಲದೆ ಮಾರ್ಕ್ಸ್ ಕಾರ್ಡ್ ಇಲ್ಲ. ಅಪ್ಪನಿಗೆ ಫೋನ್ ಮಾಡುವ ಮುಖ ಇರಲಿಲ್ಲ. ಕೌಂಟರ್ ಮುಂದೆ ನಿಂತಿದ್ದಾಗ ಹಿಂದಿನಿಂದ 'ಹುಬ್ಳಿ' ಬಂದು, "ಸರೀಲೇ" ಅಂತ ನನ್ನ ಪಕ್ಕಕ್ಕೆ ತಳ್ಳಿ, ಇಬ್ಬರದೂ ಒಟ್ಟಿಗೆ ಕಟ್ಟಿದ. ಅವನಿಗೂ ಕೆಲಸ ಸಿಕ್ಕಿರಲಿಲ್ಲ.

ಆ ದುಡ್ಡು ನಾನು ವಾಪಸ್ ಕೊಡಲೇ ಇಲ್ಲ. ಮೊದಲ ವರ್ಷ ಇರಲಿಲ್ಲ. ಆಮೇಲೆ ಇತ್ತು, ಮರೆತಿದ್ದೆ. ನೆನಪಾಗುವಷ್ಟರಲ್ಲಿ ಕೊಡುವುದಕ್ಕೇ ನಾಚಿಕೆಯಾಗುವಷ್ಟು ಹಳೇದಾಗಿತ್ತು.

ಶನಿವಾರ ಸಂಜೆ ಹೋಟೆಲೊಂದರ ಹಾಲಿನಲ್ಲಿ ಇಪ್ಪತ್ತೇಳು ಜನ ಸೇರಿದ್ದೆವು. ಮೊದಲ ಅರ್ಧ ಗಂಟೆ ಹೊಟ್ಟೆ, ತಲೆಗೂದಲುಗಳ ಲೆಕ್ಕಪರಿಶೋಧನೆ. ಆಮೇಲೆ ಸಿ.ಆರ್. ಮೈಕ್ ಹಿಡಿದು, "ಒಬ್ಬೊಬ್ರಿಗೆ ಎರಡೆರಡು ನಿಮಿಷ. ಕೆಲಸ, ಸಂಸಾರ, ಒಂದು ಸಾಹಸ" ಅಂದ. ಕಾಲೇಜಿನಲ್ಲೂ ಹೀಗೇ, ಇವನಿಗೆ ಎಲ್ಲದಕ್ಕೂ ಫಾರ್ಮ್ಯಾಟ್ ಬೇಕು.

'ಬ್ಯಾಂಕ್ ಮೇಡಂ' (ಆಗಿನ್ನೂ ಬ್ಯಾಂಕ್ ಸೇರಿರಲಿಲ್ಲ, ಸೇರುತ್ತೀನಿ ಅಂತ ಹೇಳಿ ಹೇಳಿಯೇ ಆ ಹೆಸರು ಬಂದದ್ದು) ಈಗ ಶಾಖಾ ವ್ಯವಸ್ಥಾಪಕಿ. ವರ್ಗಾವಣೆಯ ಕೃಪೆಯಿಂದ ಮಗ ಆರನೇ ಕ್ಲಾಸಿನೊಳಗೆ ನಾಲ್ಕು ಶಾಲೆ, ಮೂರು ಭಾಷೆ ಕಂಡಿದ್ದಾನೆ. 'ಶಿರ್ಸಿ' ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ತೋಟಕ್ಕೆ ಮರಳಿದ್ದಾನೆ. "ಚಾಲಿ ರೇಟು ಏರಿದ ವರ್ಷ ನಾನು ಉದ್ಯಮಿ, ಕೊಳೆರೋಗ ಬಂದ ವರ್ಷ ನಿರುದ್ಯೋಗಿ ಮಾರಾಯ" ಅಂದಾಗ ಹಾಲಿಗೆ ಹಾಲೇ ನಕ್ಕಿತು. ನಾನು ಸ್ವಲ್ಪ ಹೆಚ್ಚೇ ನಕ್ಕೆ ಅನಿಸುತ್ತೆ. ಹುಬ್ಳಿ ಧಾರವಾಡದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಡೀಲರ್, ಇಬ್ಬರು ಹೆಣ್ಣುಮಕ್ಕಳು, ಸಾಹಸ ಅಂದರೆ ಇಬ್ಬರಿಗೂ ತಾನೇ ಜಡೆ ಹಾಕುತ್ತಾನಂತೆ.

ನನ್ನ ಸರದಿ ಬಂತು. "ಅದೇ ಕಂಪನಿ, ಅದೇ ಟೀಮು, ಅದೇ ಟ್ರಾಫಿಕ್ಕು" ಅಂದೆ. ಚಪ್ಪಾಳೆ ಬಿತ್ತು. ಕೂತ ಮೇಲೆ ಬಾಯಿ ಒಣಗಿತ್ತು. ಜೇಬಿನಲ್ಲಿದ್ದ ಕವರನ್ನು ಅವತ್ತು ಹೊರಗೆ ತೆಗೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ ಚಾಮುಂಡಿ ಬೆಟ್ಟ, ಮೆಟ್ಟಿಲು ಹತ್ತಿ ಹೋಗುವುದು ಅಂತ ಪ್ಲಾನ್. ಹಿಂದಿನ ರಾತ್ರಿ ಕೈ ಎತ್ತಿದ್ದವರು ಹದಿನೆಂಟು, ಪಾದದ ಹತ್ತಿರ ಬಂದವರು ಏಳು. ಸಾವಿರ ಮೆಟ್ಟಿಲನ್ನು ಆಗೆಲ್ಲ ಪರೀಕ್ಷೆಗೆ ಮುಂಚೆ ಒಂದೇ ಉಸಿರಿಗೆ ಹತ್ತುತ್ತಿದ್ದೆವು. ಈಗ ಇನ್ನೂರಕ್ಕೇ 'ಇಲ್ಲಿಂದ ವ್ಯೂ ಚೆನ್ನಾಗಿದೆ' ಅಂತ ನಿಲ್ಲುವ ಸ್ಥಿತಿ. ಮಂಜಿನಲ್ಲಿ ಊರೇ ಕಾಣುತ್ತಿರಲಿಲ್ಲ, ಅದು ಬೇರೆ ಮಾತು.

ಹಾಗೊಮ್ಮೆ ಕೂತಾಗ 'ಬುಲೆಟ್' ತನ್ನ ಲಡಾಖ್ ಪ್ರವಾಸದ ಕಥೆ ತೆಗೆದ. ಬೈಕಿನಲ್ಲಿ ಖರ್ದುಂಗ್ ಲಾ ತನಕ ಹೋಗಿದ್ದನಂತೆ. "ಅಲ್ಲಿ ಬಹಳ ವರ್ಷ ಒಂದು ಬೋರ್ಡ್ ಇತ್ತು, 18,380 ಅಡಿ ಅಂತ. ಜಗತ್ತಿನಲ್ಲೇ ಎತ್ತರದ ರಸ್ತೆ ಅಂತ ಎಲ್ರೂ ಅದರ ಮುಂದೆ ಫೋಟೊ ಹೊಡಿಸ್ಕೊಳ್ಳೋರು. ಜಿಪಿಎಸ್ ಹಿಡಿದು ಅಳೆದ್ರೆ 17,582 ಅಡಿ ಕಣ್ರೋ. ಎಂಟುನೂರು ಅಡಿ ಸುಳ್ಳು!"

"ಪಾಪ, ಅದೂ ಲಿಂಕ್ಡ್‌ಇನ್ ಪ್ರೊಫೈಲ್ ಇದ್ದ ಹಾಗೆ ಬಿಡು" ಅಂದಳು 'ರ‍್ಯಾಂಕು'.

ರ‍್ಯಾಂಕು ನಮ್ಮ ಬ್ಯಾಚಿನ ಎರಡನೇ ರ‍್ಯಾಂಕ್. ನಿನ್ನೆ ಎರಡು ನಿಮಿಷದ ಸರದಿಯಲ್ಲಿ ಬರೀ ಮಗಳ ಬಗ್ಗೆ ಮಾತಾಡಿ ಕೂತಿದ್ದಳು. ಈಗ ಮೆಟ್ಟಿಲ ಮೇಲೆ ಕೂತು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಉಳಿದದ್ದು ಹೇಳಿದಳು. ಮಗಳು ಹುಟ್ಟಿದ್ದು 2016ರ ಡಿಸೆಂಬರ್‌ನಲ್ಲಿ. ಆಗ ಹೆರಿಗೆ ರಜೆ 12 ವಾರ. ಮಾರ್ಚ್‌ಗೆ ರಜೆ ಮುಗಿಯಿತು, ಎಳೇ ಕೂಸನ್ನು ನೋಡಿಕೊಳ್ಳುವವರಿಲ್ಲ, ಕಚೇರಿಯಲ್ಲಿ ಇನ್ನೊಂದು ತಿಂಗಳು ಕೇಳಿದರೆ ಆಗಲ್ಲ ಅಂದರು. ರಾಜೀನಾಮೆ ಕೊಟ್ಟಳು. ರಜೆಯನ್ನು 26 ವಾರಕ್ಕೆ ಏರಿಸಿದ ತಿದ್ದುಪಡಿ ಜಾರಿಗೆ ಬಂದದ್ದು 2017ರ ಏಪ್ರಿಲ್ 1ಕ್ಕೆ. "ಕೆಲವೇ ವಾರ ಕಣ್ರೋ. ಏಪ್ರಿಲ್ ಫೂಲ್ ಆದೆ ಅಂತ ನಾನೇ ಹೇಳ್ಕೊಂಡು ನಗ್ತಿದ್ದೆ. ಆಮೇಲೆ ಬಚ್ಚಲುಮನೇಲಿ ಅಳ್ತಿದ್ದೆ."

ಅದೇ ವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಕುವೆಂಪುನಗರದಲ್ಲಿ ಅವಳ ಮಾವನ ಸ್ನೇಹಿತರದೊಂದು ಹಾರ್ಡ್‌ವೇರ್ ಅಂಗಡಿ. ಅವರಿಗೆ ರಿಟರ್ನ್ ತುಂಬುವುದು ಹೇಗೆಂದೇ ತಿಳಿಯದೆ ಬಿಲ್ಲುಗಳನ್ನು ಬಿಸ್ಕತ್ ಡಬ್ಬದಲ್ಲಿ ತಂದು ಇವಳ ಮುಂದೆ ಸುರಿದರು. ಮಗು ಮಲಗಿದ ಮೇಲೆ ರಾತ್ರಿ ಹತ್ತರಿಂದ ಕೂತು ಕಲಿತಳು. ಈಗ ನಲವತ್ತಕ್ಕೂ ಹೆಚ್ಚು ಅಂಗಡಿಗಳ ಲೆಕ್ಕ ಅವಳದು, ಇಬ್ಬರು ಹುಡುಗಿಯರಿಗೆ ಸಂಬಳ ಕೊಡುತ್ತಾಳೆ.

"ಇದನ್ನ ನಿನ್ನೆ ಯಾಕೆ ಹೇಳ್ಲಿಲ್ಲ?" ಅಂತ ಬ್ಯಾಂಕ್ ಮೇಡಂ ಕೇಳಿದಳು.

"ಎಲ್ರೂ ವೈಸ್ ಪ್ರೆಸಿಡೆಂಟ್, ಡೈರೆಕ್ಟರ್ ಅಂತಿದ್ರಿ. ಬಿಸ್ಕತ್ ಡಬ್ಬದ ಕಥೆ ಹೇಗೆ ಹೇಳಲಿ?"

ಯಾರೂ ಮಾತಾಡಲಿಲ್ಲ. ಎದ್ದು ಮತ್ತೆ ಹತ್ತತೊಡಗಿದೆವು. ದೊಡ್ಡ ದೇವರಾಜ ಒಡೆಯರ ಕಾಲದ ಆ ನಂದಿಯ ಹತ್ತಿರ ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು, ಪೂಜೆ ನಡೀತಾ ಇತ್ತು. ಕಟ್ಟೆಯ ಮೇಲೆ ಕೂತೆವು. ನಾನು ಜೇಬಿನಿಂದ ಕವರ್ ತೆಗೆದು ಹುಬ್ಳಿಗೆ ಕೊಟ್ಟೆ. ಒಳಗೆ 2,400 ರೂಪಾಯಿ.

"ಏನಲೇ ಇದು?"

"ಮೆಸ್ ಬಿಲ್ಲು."

ಅವನಿಗೆ ನೆನಪೇ ಇರಲಿಲ್ಲ. ಇಲ್ಲವೆಂದು ನಟಿಸಿದನೋ, ಗೊತ್ತಿಲ್ಲ. "ಹುಚ್ಚ ಅದೀಯೇನ್" ಅಂತ ನಕ್ಕು ವಾಪಸ್ ಚಾಚಿದ. ಆಗ ನನ್ನ ಬಾಯಿಂದ ಬಂದೇಬಿಟ್ಟಿತು. "ತಗೋ ಮಾರಾಯ, ಈಗ ಕೊಡದಿದ್ರೆ ಮುಂದಿನ ತಿಂಗಳು ಕೊಡಕ್ಕಾಗಲ್ಲ. ನನ್ನ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು."

ಇಂಥ ಹೊತ್ತಲ್ಲಿ ಜನ ಏನು ಹೇಳುತ್ತಾರೆ ಅಂತ ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ಊಹಿಸುತ್ತಿದ್ದೆ. 'ಎಲ್ಲ ಒಳ್ಳೇದಕ್ಕೇ', 'ಒಂದು ಬಾಗಿಲು ಮುಚ್ಚಿದರೆ' ಇತ್ಯಾದಿ. ಯಾರೂ ಅದನ್ನು ಹೇಳಲಿಲ್ಲ. ಬುಲೆಟ್ ಕತ್ತು ತಗ್ಗಿಸಿ, "ನಂದು ಏಳು ತಿಂಗಳು. ಲಡಾಖ್‌ಗೆ ಹೋಗಿದ್ದೇ ಅದಕ್ಕೆ" ಅಂದ. ನಿನ್ನೆ ಅವನೂ ಚಪ್ಪಾಳೆ ಗಿಟ್ಟಿಸಿದ್ದ! ಹುಬ್ಳಿ ನನ್ನ ಬೆನ್ನಿಗೊಂದು ಗುದ್ದಿದ, ನೋಯುವಂತೆಯೇ. "ಹೇಳಬೇಕೋ ಬ್ಯಾಡೋ ಮಗನ?"

ಬ್ಯಾಂಕ್ ಮೇಡಂ ಮಾತ್ರ ಬ್ಯಾಂಕ್ ಮೇಡಂ ಥರವೇ ಕೇಳಿದಳು. "ಅಮ್ಮನ ಇನ್ಶೂರೆನ್ಸ್ ಯಾವುದರಲ್ಲಿತ್ತು?"

ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ. ಅಮ್ಮನಿಗೆ 66, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕೆಲಸದ ಜೊತೆ ಆ ಕವರ್ ಕೂಡ ಹೋಗಿತ್ತು, ಗೃಹಸಾಲದ ಕಂತನ್ನು ದಿನಕ್ಕೆ ಮೂರು ಸಲ ಲೆಕ್ಕ ಹಾಕುವ ಕ್ಯಾಲ್ಕಿಗೆ ಇದು ಹೊಳೆದೇ ಇರಲಿಲ್ಲ. ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶವಿದೆ, ಆದರೆ ಕವರ್ ಮುಗಿಯುವ ಮೊದಲೇ ಕೇಳಬೇಕು, ಕಾಯಿಲೆ ಇರುವ ಹಿರಿಯರಿಗೆ ಹೊಸದಾಗಿ ಪಾಲಿಸಿ ಮಾಡಿಸಿದರೆ ಹಳೇ ಕಾಯಿಲೆಗೆ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತೆ ಅಂತ ಅವಳು ಹೇಳುತ್ತಾ ಹೋದಳು. ನನಗೆ ಬೆಟ್ಟದ ತಂಗಾಳಿಯಲ್ಲೂ ಬೆವರು. ಇದನ್ನು ಓದುತ್ತಿರುವವರಲ್ಲಿ ಅಪ್ಪ ಅಮ್ಮನನ್ನು ಆಫೀಸಿನ ಪಾಲಿಸಿಯೊಂದರ ಮೇಲೇ ಬಿಟ್ಟಿರುವವರು ಇದ್ದರೆ, ಇವತ್ತು ಸಂಜೆಯೇ ಆ ಪಾಲಿಸಿಯ ಕಾಗದ ತೆಗೆದು ನೋಡಿ.

ಎಂಬಿಎಯಲ್ಲಿ ಓದಿದ್ದೊಂದು ಆಮೇಲೆ ನೆನಪಾಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ದುರ್ಬಲ ನಂಟುಗಳ ಬಗ್ಗೆ ಬರೆದ ಲೇಖನ. ಪರಿಚಯಸ್ಥರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ವಿಚಾರಿಸಿದ್ದರು: ಆ ಪರಿಚಯಸ್ಥರನ್ನು ಎಷ್ಟು ಸಲ ಭೇಟಿಯಾಗ್ತಿದ್ರಿ? ಆಗಾಗ ಸಿಗುತ್ತಿದ್ದವರು ಅಂದವರು ಶೇ 16.7 ಮಾತ್ರ. ಯಾವಾಗಲೋ ಒಮ್ಮೊಮ್ಮೆ ಅಂದವರು ಶೇ 55.6, ಅಪರೂಪಕ್ಕೆ ಅಂದವರು ಶೇ 27.8. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತೆ, ದೂರದವರ ಲೋಕವೇ ಬೇರೆ. ಪರೀಕ್ಷೆಯಲ್ಲಿ ಇದನ್ನೇ ಎರಡು ಪುಟ ಬರೆದು ಪಾಸಾಗಿದ್ದೆ. ಆದರೆ ನನ್ನ ಬದುಕಿನಲ್ಲಿ, ಹದಿನೈದು ವರ್ಷದ ದೂರದವರು ಐವತ್ತು ಜನ ಜೇಬಿನ ಫೋನಿನಲ್ಲೇ ಇದ್ದರೂ, ಅವರಿಗೆ ಹ್ಯಾಪಿ ಬರ್ತ್‌ಡೇ ಮಾತ್ರ ಕಳಿಸುತ್ತಾ ಕೂತಿದ್ದೆ.

ತುದಿ ತಲುಪಿ, ದರ್ಶನ ಮುಗಿಸಿ, ಬಸ್ಸಿನಲ್ಲಿ ಇಳಿದೆವು. ಮೊಣಕಾಲುಗಳು ಸಾಕು ಅಂದಿದ್ದವು. ನಜರ್‌ಬಾದಿನಲ್ಲಿ ದೋಸೆ ತಿನ್ನುತ್ತಾ ರ‍್ಯಾಂಕು, "ಹೊಸ ವರ್ಷದಿಂದ ಮೂರು ಸಣ್ಣ ಫ್ಯಾಕ್ಟರಿಗಳ ಕಾಸ್ಟಿಂಗ್ ಕೆಲಸ ಬರ್ತಿದೆ. ನನಗೆ ಅಷ್ಟು ಬರಲ್ಲ. ನೀನು ಮಾಡ್ತೀಯಾ? ದುಡ್ಡು ಕಮ್ಮಿ" ಅಂದಳು. ಹೂಂ ಅಂದೆ. ಲಿಂಕ್ಡ್‌ಇನ್‌ನಲ್ಲಿ ಹಳೇ ಹುದ್ದೆಗೆ ಮುಗಿದ ತಿಂಗಳು ತುಂಬಿದ್ದೂ ಅದೇ ಟೇಬಲ್ಲಿನಲ್ಲಿ, ಬೆಣ್ಣೆ ಮೆತ್ತಿದ ಬೆರಳಿನಲ್ಲಿ.

ಅಲ್ಲಿಂದ ನಂಜನಗೂಡಿಗೆ ಹೋದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎದುರಿಗೆ ಕೂತು ನಾನೂ ನಾಲ್ಕು ಸುಲಿದು, ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಗೊತ್ತು ಕಣೋ."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮೊದಲೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದ್ರೆ ಮೀಟಿಂಗ್ ಅಂತ ಕಟ್ ಮಾಡೋನು ನೀನು. ಈಗ ಮೊದಲನೇ ರಿಂಗಿಗೇ ಎತ್ತುತೀಯ."

ಅವರೆಕಾಳಿನ ಹುಳಿ ಆಗುವವರೆಗೆ ವಿಮೆಯ ವಿಷಯ ಮಾತಾಡಿದೆವು. ಆ ವಾರವೇ ಅರ್ಜಿ ಹಾಕಿದೆ. ಸಕ್ಕರೆ ಕಾಯಿಲೆಯನ್ನು ಮುಚ್ಚಿಡದೆ ಬರೆಸಿ, ಪ್ರೀಮಿಯಂ ಜಾಸ್ತಿ ಆದರೂ ಆಗಲಿ ಅಂತ. ರ‍್ಯಾಂಕು ಕಳಿಸಿದ ಮೊದಲ ಫ್ಯಾಕ್ಟರಿಯ ಲೆಕ್ಕ ಈಗ ನನ್ನ ಟೇಬಲ್ ಮೇಲಿದೆ. ಎರಡು ಕಡೆ ಇಂಟರ್‌ವ್ಯೂ ಆಗಿದೆ, ಇನ್ನೂ ಯಾವುದೂ ಖಚಿತವಿಲ್ಲ.

ಹುಬ್ಳಿ ಆ ಕವರನ್ನು ಕೊನೆಗೂ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಬ್ಯಾಗ್ ಬಿಚ್ಚಿದರೆ ಬಟ್ಟೆಯ ನಡುವೆ ಇತ್ತು. ನಾನೂ ಬಿಡಲಿಲ್ಲ. ಕ್ಯಾಲ್ಕುಲೇಟರ್ ತೆಗೆದೆ. 2,400 ರೂಪಾಯಿಗೆ ಶೇ 8ರ ಚಕ್ರಬಡ್ಡಿ, ಹದಿನೈದು ವರ್ಷಕ್ಕೆ 7,613. ಅಷ್ಟನ್ನೂ ಯುಪಿಐ ಮಾಡಿದೆ. ಹತ್ತು ನಿಮಿಷದ ಮೇಲೆ 5,213 ರೂಪಾಯಿ ವಾಪಸ್ ಬಂತು. ಜೊತೆಗೊಂದು ಮೆಸೇಜು: "ಅಸಲು ಮುಟ್ಟೈತಿ. ಬಡ್ಡಿ ಕೆಲಸ ಸಿಕ್ಕ ಮ್ಯಾಲೆ."