ಬದಲಾಗದ ಬೆಲೆಗಳ ಭಾಷೆ

ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ 1930ರ ದಶಕದಲ್ಲಿ ರೂಪಿಸಿದ ಲ್ಯಾಂಬ್ಡಾ ಕಲನವು, ಸಮಸ್ತ ಗಣನೆಯನ್ನೂ ಗಣಿತದ ಫಲನಗಳಿಂದಲೇ ನಿರೂಪಿಸಹೊರಟ ಶುದ್ಧ ಸಿದ್ಧಾಂತವಾಗಿದ್ದು, ಅದರಿಂದ ದೂರವಾಣಿಯವರಿಗೆ ಪ್ರಯೋಜನವಾದೀತೆಂದು ಆಗ ಯಾರೂ ಎಣಿಸಿರಲಾರರು. ಆದರೆ 1986ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತವರ ಸಂಗಡಿಗರು, ಸಹಸ್ರಾರು ಕರೆಗಳನ್ನು ಏಕಕಾಲದಲ್ಲಿ ನಿರ್ವಹಿಸಿಯೂ ನಿಲ್ಲದೆ ನಡೆಯಬೇಕಾದ ವಿನಿಮಯ ಕೇಂದ್ರಗಳಿಗಾಗಿ ಕಟ್ಟತೊಡಗಿದ ಎರ್ಲಾಂಗ್ ಎಂಬ ಗಣಕಭಾಷೆಯು, ಆ ಕಲನದಿಂದಲೇ ಮೂಡಿಬಂದ ಫಲನಾತ್ಮಕ ಭಾಷೆಗಳ ಕುಲಕ್ಕೇ ಸೇರಿದ್ದು. ಅದರಲ್ಲಿ ‘ಎಕ್ಸ್’ ಎಂಬ ಹೆಸರಿಗೆ ಒಮ್ಮೆ 5 ಎಂಬ ಬೆಲೆಯನ್ನು ಕೊಟ್ಟೆವೆಂದರೆ, ಮುಂದೆ ಅದನ್ನೇ 6 ಎಂದು ಬರೆದೊಡನೆ ಗಣಕವು ದೋಷವೆಂದು ಸಾರಿ ನಿಂತುಬಿಡುತ್ತದೆ.

ಮೊದಮೊದಲು ಇದು ಬರಿಯ ಹಠಮಾರಿತನವೆಂದೇ ತೋರುವುದು. ಆದರೆ ತಂತ್ರಾಂಶದ ಒಂದು ಭಾಗದ ಬೆಲೆಯನ್ನು ಮತ್ತೊಂದು ಗುಟ್ಟಾಗಿ ತಿದ್ದಲಾರದಾದ್ದರಿಂದ, ಲಕ್ಷಾಂತರ ಕಿರುಪ್ರಕ್ರಿಯೆಗಳು ಪರಸ್ಪರ ಸಂದೇಶಗಳನ್ನಷ್ಟೇ ಕಳುಹಿಸಿಕೊಳ್ಳುತ್ತ ನಿರಾತಂಕವಾಗಿ ನಡೆಯಬಲ್ಲವು. ಒಂದು ಕುಸಿದರೆ, ಮೇಲ್ವಿಚಾರಣೆಗೆ ನಿಂತ ಇನ್ನೊಂದು ಪ್ರಕ್ರಿಯೆಯು ಅದನ್ನು ಹೊಸದಾಗಿ ಆರಂಭಿಸುವುದು. ಕುಸಿದರೆ ಕುಸಿಯಲೆಂದು ಬಿಡುವ ಈ ಧೈರ್ಯವೇ, ನನ್ನ ಮಟ್ಟಿಗೆ, ಎರ್ಲಾಂಗಿನ ಶ್ರೇಷ್ಠ ಗುಣ. ವಿಚಿತ್ರವೆಂದರೆ, 1998ರಲ್ಲಿ ಎರಿಕ್ಸನ್ನಿನ ಒಂದು ವಿಭಾಗವೇ ಹೊಸ ಕೆಲಸಗಳಿಗೆ ಈ ಭಾಷೆಯನ್ನು ನಿಷೇಧಿಸಿತು. ಅದೇ ವರ್ಷ ಅದು ಮುಕ್ತ ತಂತ್ರಾಂಶವಾಗಿ ಲೋಕದ ಪಾಲಾಯಿತು. ಇಂದು ನಮ್ಮ ನೆಂಟರ ಮದುವೆಯ ಕರೆಯೋಲೆಗಳನ್ನು ಹೊತ್ತು ತರುವ ವಾಟ್ಸ್ಆ್ಯಪ್‌ನ ಸರ್ವರುಗಳಲ್ಲಿ ದುಡಿಯುತ್ತಿರುವುದೂ ಇದೇ ಎರ್ಲಾಂಗ್.