ಟ್ರ್ಯಾಕ್ಟರ್ ಬಿಚ್ಚುವ ಮುನ್ನ ಕ್ಲಚ್ಚಿನ ಮಾತು ಕೇಳಿ

ಉತ್ತರಿ ಮಳೆ ಬಿದ್ದು ಎರೆಭೂಮಿ ಹದಕ್ಕೆ ಬಂದ ಮೇಲೆ ಹಿಂಗಾರಿ ಬಿಳಿಜೋಳದ ಬಿತ್ತನೆಗೆ ರೈತನಿಗೆ ಸಿಗುವುದು ಕೆಲವೇ ದಿನಗಳು. ಇಂಥ ಹೊತ್ತಿನಲ್ಲಿಯೇ ಜತ್ತ, ಅಕ್ಕಲಕೋಟೆ ಸೀಮೆಯಲ್ಲಿ ಇಪ್ಪತ್ತು, ಮೂವತ್ತು ವರ್ಷ ದುಡಿದ ಟ್ರ್ಯಾಕ್ಟರುಗಳು ಬದುವಿನ ಮಗ್ಗುಲಲ್ಲಿ ನಿಂತುಬಿಡುವುದುಂಟು. ಎಂಜಿನ್ ಆರ್ಭಟಿಸುತ್ತದೆ, ಗಾಲಿ ಮಾತ್ರ ಮುಂದೆ ಸಾಗದು. ಬಂದ ಮೇಸ್ತ್ರಿಯ ಮೊದಲ ಮಾತು ಅನೇಕ ಸಲ ಒಂದೇ: “ಪ್ಲೇಟ್ ಹೋಗ್ಯದ್ರಿ ಕಾಕಾ, ಗಾಡಿ ಬಿಚ್ಚಬೇಕಾಗ್ತದ.”

ಈ ಬಿಚ್ಚುವ ಕೆಲಸ ಸಣ್ಣದಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸುಗಳೇ ಬೋಲ್ಟುಗಳಿಂದ ಕೂಡಿ ಅದರ ಬೆನ್ನೆಲುಬಾಗಿವೆ. ಕ್ಲಚ್ ಇರುವುದು ಅವೆರಡರ ನಡುವೆ. ಅದನ್ನು ಮುಟ್ಟಬೇಕಾದರೆ ಯಂತ್ರವನ್ನು ನಡುವಿನಲ್ಲಿ ಇಬ್ಭಾಗ ಮಾಡಬೇಕು. ಕೂಲಿ ಮತ್ತು ಬಿಡಿಭಾಗಗಳ ಖರ್ಚಿನ ಜೊತೆಗೆ ಬಿತ್ತನೆಯ ಹದವೂ ಕಳೆಯುತ್ತದೆ. ಆದುದರಿಂದ ಹೊರಗಿನಿಂದಲೇ ಮಾಡಬಹುದಾದ ಪರೀಕ್ಷೆಗಳನ್ನು ಮೊದಲು ಮುಗಿಸುವುದು ಜಾಣತನ.

ಕ್ಲಚ್ಚಿನ ದೋಷಗಳಲ್ಲಿ ಮುಖ್ಯವಾದವು ಎರಡು. ಹಿಡಿಯಬೇಕಾದಾಗ ಹಿಡಿಯದೆ ಜಾರುವುದು ಒಂದು. ಬಿಡಬೇಕಾದಾಗ ಬಿಡದಿರುವುದು ಇನ್ನೊಂದು. ನೇಗಿಲು ನೆಲಕ್ಕಿಳಿದೊಡನೆ ಎಂಜಿನ್ನಿನ ವೇಗ ಏರಿ, ಎಳೆತ ಕುಗ್ಗಿ, ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಪೆಡಲನ್ನು ಪೂರ್ತಿ ಒತ್ತಿದರೂ ಗೇರ್ ಕರಕರ ಸದ್ದು ಮಾಡಿದರೆ, ಅಥವಾ ಗಾಡಿ ಮೆಲ್ಲಗೆ ಮುಂದೆ ತೆವಳಿದರೆ, ಅದು ಬಿಡುತ್ತಿಲ್ಲ. ಈ ಎರಡರ ಕಾರಣಗಳು ಬೇರೆ, ಪರಿಹಾರಗಳೂ ಬೇರೆ.

ಎರಡಕ್ಕೂ ಮೊದಲು ನೋಡಬೇಕಾದುದು ಪೆಡಲಿನ ಸಡಿಲು. ಎಂಜಿನ್ ನಿಲ್ಲಿಸಿ ಪೆಡಲನ್ನು ಕೈಯಿಂದ ಒತ್ತಿದಾಗ, ಬಿಗಿತ ಸಿಗುವ ಮೊದಲು ಅದು ಸ್ವಲ್ಪ ದೂರ ಸುಲಭವಾಗಿ ಚಲಿಸಬೇಕು. ಅನೇಕ ಹಳೆಯ ಮಾದರಿಗಳಲ್ಲಿ ಇದು 20ರಿಂದ 40 ಮಿಲಿಮೀಟರಿನೊಳಗೆ ಇರುತ್ತದೆ. ಆಯಾ ಮಾದರಿಯ ಕೈಪಿಡಿ ಹೇಳಿದ ಅಳತೆಯೇ ಪ್ರಮಾಣ. ಪ್ಲೇಟ್ ಸವೆದಂತೆ ಈ ಸಡಿಲು ತಾನಾಗಿ ಕಡಿಮೆಯಾಗುತ್ತದೆ. ಪೂರ್ತಿ ಹೋದರೆ ರಿಲೀಸ್ ಬೇರಿಂಗ್ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಸದಾ ಒತ್ತುತ್ತಲೇ ಇದ್ದು ಕ್ಲಚ್ ಜಾರತೊಡಗುತ್ತದೆ. ಸಡಿಲು ಅತಿಯಾದರೆ, ಪಿನ್ನುಗಳು ಸವೆದಿದ್ದರೆ, ಪೆಡಲ್ ತುಳಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಎರಡೂ ದೋಷಗಳು ಕೆಲವೊಮ್ಮೆ ಹೊರಗಿನ ರಾಡಿನ ನಟ್ಟು ತಿರುಗಿಸಿ, ಪಿನ್ ಬದಲಿಸಿದಷ್ಟಕ್ಕೇ ಸರಿಹೋಗುತ್ತವೆ.

ಎರಡನೆಯದು ಎಣ್ಣೆಯ ಸುಳಿವು. ಕ್ಲಚ್ ಕೋಣೆಯ ತಳದಲ್ಲಿ ಅನೇಕ ಮಾದರಿಗಳಿಗೆ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಸೀಲು ಹೋಗಿದೆ ಎಂದು ತಿಳಿಯಬೇಕು. ಕಪ್ಪಗಿನ ತೆಳು ಎಣ್ಣೆ ಎಂಜಿನ್ ಕಡೆಯದು. ಮಂದವಾದ, ಕಟು ವಾಸನೆಯ ಎಣ್ಣೆ ಗೇರ್‌ಬಾಕ್ಸಿನದು. ಎಣ್ಣೆ ಕುಡಿದ ಪ್ಲೇಟಿಗೆ ಹೊರಗಿನ ಹೊಂದಾಣಿಕೆಯಿಂದ ಪ್ರಯೋಜನವಿಲ್ಲ. ಸೀಲು ಬದಲಿಸದೆ ಪ್ಲೇಟೊಂದನ್ನೇ ಹಾಕಿದರೆ ಅದೂ ಹಾಳಾಗುವುದು ಖಚಿತ.

ಮೂರನೆಯದು ಸದ್ದು. ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ಹೆಚ್ಚಾಗಿ ರಿಲೀಸ್ ಬೇರಿಂಗಿನ ತೊಂದರೆ. ಮಳೆಗಾಲವೆಲ್ಲ ನಿಂತಿದ್ದ ಟ್ರ್ಯಾಕ್ಟರು ಗೇರಿಗೆ ಬೀಳದಿದ್ದರೆ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರಬಹುದು. ಎಂಜಿನ್ ಬಿಸಿಮಾಡಿ ನಿಲ್ಲಿಸಿ, ಪೆಡಲನ್ನು ಪೂರ್ತಿ ಒತ್ತಿ ಕಟ್ಟಿಗೆ ಕೊಟ್ಟು ರಾತ್ರಿಯೆಲ್ಲ ಬಿಟ್ಟರೆ ಕೆಲವೊಮ್ಮೆ ಬಿಡಿಸಿಕೊಳ್ಳುತ್ತದೆ.

ಇಷ್ಟಾದರೂ ಗುಣ ಕಾಣದಿದ್ದರೆ ಬಿಚ್ಚುವುದೇ ಸರಿ. ಆಗ ಎರಡೂ ಭಾಗಗಳಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಬೇಕು, ಮುಂದಿನ ಆಕ್ಸಲಿಗೆ ಎರಡೂ ಕಡೆ ಮರದ ಬೆಣೆ ಬಡಿಯಬೇಕು; ಕಲ್ಲಿನ ರಾಶಿಯನ್ನು ನಂಬಿ ಅದರ ಕೆಳಗೆ ನುಸುಳಬಾರದು. ಹಳೆಯ ಪ್ಲೇಟಿನ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಒಮ್ಮೆ ಬಿಚ್ಚಿದ ಮೇಲೆ ಪ್ಲೇಟ್, ರಿಲೀಸ್ ಬೇರಿಂಗ್, ಸೀಲುಗಳನ್ನು ಒಟ್ಟಿಗೇ ಪರೀಕ್ಷಿಸಿ, ಫ್ಲೈವೀಲಿನಲ್ಲಿ ಬಿರುಕು ಅಥವಾ ನೀಲಿ ಕಲೆ ಇದೆಯೇ ಎಂದು ನೋಡಬೇಕು. ಅದೇ ಕೆಲಸಕ್ಕೆ ಮತ್ತೆ ಯಂತ್ರ ಸೀಳುವುದು ಎರಡನೆಯ ದಂಡ.

ಕ್ಲಚ್ಚಿನ ಆಯುಷ್ಯ ಚಾಲಕನ ಎಡಗಾಲಿನಲ್ಲಿದೆ. ಹೊಲ ಉಳುವಾಗ ಪೆಡಲಿನ ಮೇಲೆ ಕಾಲಿಟ್ಟೇ ಕೂರುವುದು, ಕಬ್ಬು ತುಂಬಿದ ಎರಡು ಟ್ರೇಲರುಗಳನ್ನು ಅರ್ಧ ಕ್ಲಚ್ಚಿನಲ್ಲಿ ಏರು ಹತ್ತಿಸುವುದು ಪ್ಲೇಟನ್ನು ಬೇಗ ಸುಡುತ್ತವೆ. ಹಂಗಾಮಿಗೆ ಮೊದಲು ಒಂದು ಬೆಳಿಗ್ಗೆ ಪೆಡಲಿನ ಸಡಿಲನ್ನು ಅಳೆದು ಸರಿಪಡಿಸಿಕೊಂಡರೆ, ಮಳೆ ಬಿದ್ದ ಮರುದಿನ ಮೇಸ್ತ್ರಿಯ ದಾರಿ ಕಾಯುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ.