ನಿಮಗಿದು ಗೊತ್ತೇ? ಹರ್ಪಿಸ್ ರಿಪೋರ್ಟಿನ ಅನುಮಾನ ಬಗೆಹರಿಸಿಕೊಳ್ಳುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದೂ ತಾಲ್ಲೂಕುಗಳ ಜನ ದೊಡ್ಡ ಪರೀಕ್ಷೆ ಅಂದರೆ ಹೊಸಪೇಟೆ, ಬಳ್ಳಾರಿ ಇಲ್ಲವೇ ದಾವಣಗೆರೆಯ ಬಸ್ಸು ಹತ್ತುತ್ತಾರೆ. ಊರಲ್ಲೇ ರಕ್ತ ಕೊಟ್ಟು ರಿಪೋರ್ಟನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದೂ ಈಗ ಉಂಟು. ಆಗ ಡಾಕ್ಟರಿಗಿಂತ ಮೊದಲು ಮನೆಯವರೇ ಅದನ್ನು ಓದುತ್ತಾರೆ. ‘ಎಚ್‌ಎಸ್‌ವಿ ಪಾಸಿಟಿವ್’ ಎಂಬ ಒಂದೇ ಒಂದು ಸಾಲಿಗೆ ಗಂಡ-ಹೆಂಡಿರ ನಡುವೆ ಮಾತು ನಿಂತುಹೋಗಬಹುದು. ಆದರೆ ಆ ಸಾಲೇ ಎಷ್ಟೋ ಸಲ ತಪ್ಪಿರುತ್ತದೆ. ಅದಕ್ಕಾಗಿ ಈ ವಾರದ ಸಂಗತಿಗಳು.

1. ಹರ್ಪಿಸ್ ವೈರಸ್ಸಿನಲ್ಲಿ (ಎಚ್‌ಎಸ್‌ವಿ) ಎರಡು ಬಗೆ. ಎಚ್‌ಎಸ್‌ವಿ-1 ಹೆಚ್ಚಾಗಿ ತುಟಿಯ ಸುತ್ತ ಜ್ವರದ ಗುಳ್ಳೆ ಎಬ್ಬಿಸುತ್ತದೆ. ಎಚ್‌ಎಸ್‌ವಿ-2 ಹೆಚ್ಚಾಗಿ ಗುಪ್ತಾಂಗದಲ್ಲಿ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ, 50 ವರ್ಷದೊಳಗಿನ 380 ಕೋಟಿ ಜನರಲ್ಲಿ, ಅಂದರೆ ನೂರಕ್ಕೆ 64 ಮಂದಿಯಲ್ಲಿ, ಮೊದಲನೆಯದು ಇದೆ. ಬಹುತೇಕರಿಗೆ ಅದು ಅಂಟುವುದು ಚಿಕ್ಕಂದಿನಲ್ಲಿ, ಎಂಜಲು ಮುತ್ತುಗಳಿಂದ. ಎಚ್‌ಎಸ್‌ವಿ-1 ಪಾಸಿಟಿವ್ ಬಂದರೆ ಯಾರ ನಡತೆಯ ಮೇಲೂ ಬೆರಳು ತೋರಿಸುವ ಹಾಗಿಲ್ಲ.

2. ಸರ್ಪಸುತ್ತಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಡಾಕ್ಟರ ಚೀಟಿಯಲ್ಲಿ ಅದನ್ನು ‘ಹರ್ಪಿಸ್ ಜೋಸ್ಟರ್’ ಎಂದು ಬರೆದಿರುತ್ತಾರಷ್ಟೇ. ಅದನ್ನು ತರುವುದು ಸೀತಾಳೆ ಸಿಡುಬಿನ ವೈರಸ್. ಅದು ಲೈಂಗಿಕ ಕಾಯಿಲೆಯಲ್ಲ.

3. ರಿಪೋರ್ಟಿನಲ್ಲಿ ‘ಪಾಸಿಟಿವ್’ ಪದಕ್ಕಿಂತ ಅದರ ಪಕ್ಕದ ಅಂಕಿ ಮುಖ್ಯ. ರಕ್ತದಲ್ಲಿನ ಪ್ರತಿಕಾಯ ನೋಡುವ, ಬಹಳ ಬಳಕೆಯಲ್ಲಿರುವ ಐಜಿಜಿ ಪರೀಕ್ಷೆಗಳಲ್ಲಿ 0.9ಕ್ಕಿಂತ ಕಡಿಮೆ ಬಂದರೆ ನೆಗೆಟಿವ್, 0.9ರಿಂದ 1.1ರವರೆಗೆ ಅನುಮಾನ, 1.1 ದಾಟಿದರೆ ಪಾಸಿಟಿವ್. ಎಡವಟ್ಟಾಗುವುದು ಇಲ್ಲೇ. ಎಚ್‌ಎಸ್‌ವಿ-2 ಐಜಿಜಿ 1.6 ಬಂದವರಿಗೂ 8 ಬಂದವರಿಗೂ ಲ್ಯಾಬು ಒಂದೇ ಪದ ಅಚ್ಚು ಹಾಕುತ್ತದೆ. ಎರಡರ ಬಲ ಮಾತ್ರ ಬೇರೆ ಬೇರೆ. ಅಂಕಿ 3ಕ್ಕಿಂತ ಕಡಿಮೆಯಿದ್ದರೆ ಬೇರೆ ವಿಧಾನದ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿ ಹೇಳುತ್ತದೆ. ಅಲ್ಲಿನ ಒಂದು ಅಧ್ಯಯನದಲ್ಲಿ 1.1ರಿಂದ 2.9ರೊಳಗಿನ ಪಾಸಿಟಿವ್‌ಗಳಲ್ಲಿ ಹತ್ತಕ್ಕೆ ನಾಲ್ಕು ಮಾತ್ರ ನಿಜವೆಂದು ಖಚಿತವಾದವು. 3 ಮತ್ತು ಅದಕ್ಕಿಂತ ಮೇಲಿನವುಗಳಲ್ಲಿ ಹತ್ತಕ್ಕೆ ಸುಮಾರು ಎಂಟು.

4. ಕಿಟ್ ಒಳ್ಳೆಯದಿದ್ದರೂ ಸುಳ್ಳು ಪಾಸಿಟಿವ್ ಬರುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಊರಿನ 1000 ಮಂದಿ ವಯಸ್ಕರು ಪರೀಕ್ಷೆಗೆ ಬಂದರೆನ್ನಿ. ನಿಜವಾಗಿ ಸೋಂಕು ಇರುವುದು 50 ಮಂದಿಗೆ. ಕಿಟ್ ಸೋಂಕಿತರಲ್ಲಿ ನೂರಕ್ಕೆ 96 ಮಂದಿಯನ್ನು ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ನೂರಕ್ಕೆ 95 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಆಗ ನಿಜವಾದ ಪಾಸಿಟಿವ್ 48. ಸೋಂಕಿಲ್ಲದ 950 ಮಂದಿಯಲ್ಲಿ ಸುಳ್ಳು ಪಾಸಿಟಿವ್ ಸುಮಾರು 48! ರಿಪೋರ್ಟ್ ಹಿಡಿದು ಕಂಗಾಲಾದವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಾಯಿಲೆಯೇ ಇಲ್ಲ. ಲಕ್ಷಣವಿಲ್ಲದವರಿಗೆ ಸುಮ್ಮಸುಮ್ಮನೆ ಈ ರಕ್ತಪರೀಕ್ಷೆ ಬೇಡವೆಂದು ಅಮೆರಿಕದ ತಡೆ ಆರೋಗ್ಯ ತಜ್ಞರ ಸಮಿತಿ 2016ರಲ್ಲೂ 2023ರಲ್ಲೂ ಹೇಳಿದ್ದು ಇದೇ ಕಾರಣಕ್ಕೆ.

5. ಅದೇ ಕಿಟ್‌ನಲ್ಲಿ ಮತ್ತೊಮ್ಮೆ ನೋಡಿದರೆ ಖಚಿತವಾದಂತಲ್ಲ. ತಕ್ಕಡಿಯೇ ಸರಿಯಿಲ್ಲದಿದ್ದರೆ ಶೇಂಗಾವನ್ನು ಹತ್ತು ಸಲ ತೂಗಿದರೂ ತೂಕ ತಪ್ಪೇ. ಎರಡನೆಯ ಪರೀಕ್ಷೆಯ ವಿಧಾನವೇ ಬೇರೆ ಇರಬೇಕು. ಜೊತೆಗೆ ಅದು ಎರಡು ಬಗೆಯ ವೈರಸ್ಸನ್ನು ಬೇರ್ಪಡಿಸಿ ಗುರುತಿಸುವಂಥದ್ದಾಗಿರಬೇಕು. ಗ್ಲೈಕೋಪ್ರೋಟೀನ್-ಜಿ ಆಧಾರಿತ ಪರೀಕ್ಷೆಗಳಿಗೆ ಆ ಗುಣವಿದೆ. ಈ ವಿಷಯದಲ್ಲಿ ಕೊನೆಯ ಮಾತು ಎಂದು ಒಪ್ಪಿರುವುದು ವೆಸ್ಟರ್ನ್ ಬ್ಲಾಟ್ ಪರೀಕ್ಷೆಯನ್ನು. ಅದಕ್ಕೆ ಹೆಸರಾದದ್ದು ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯ.

6. ಅವಸರದ ನೆಗೆಟಿವ್ ಕೂಡ ನಂಬಿಕೆಗೆ ಅರ್ಹವಲ್ಲ. ಸೋಂಕು ತಗುಲಿದ ಮೇಲೆ ಐಜಿಜಿ ರಕ್ತದಲ್ಲಿ ತೋರುವಷ್ಟು ಬೆಳೆಯಲು ವಾರಗಳು ಬೇಕು. ಅನುಮಾನದ ದಿನದಿಂದ 12 ವಾರ ಕಳೆದ ಮೇಲೆ ಮತ್ತೊಮ್ಮೆ ನೋಡಿಸಬೇಕು.

7. ಐಜಿಎಂ ಇನ್ನೊಂದು ಬಗೆಯ ಪ್ರತಿಕಾಯ. ‘ಐಜಿಎಂ ಪಾಸಿಟಿವ್, ಹಾಗಾದರೆ ಹೊಸ ಸೋಂಕು’ ಎಂಬ ಮಾತು ಹರ್ಪಿಸ್‌ಗೆ ಹೊಂದುವುದಿಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಐಜಿಎಂ ಕಾಣಿಸಿಕೊಳ್ಳಬಹುದು. ಎರಡು ಬಗೆಯ ವೈರಸ್ಸಿಗೆ ಅದು ವ್ಯತ್ಯಾಸವನ್ನೂ ತೋರಿಸುವುದಿಲ್ಲ. ಆದ್ದರಿಂದ ಐಜಿಎಂ ಪರೀಕ್ಷೆ ಬೇಡ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅದೇ ಮಾರ್ಗಸೂಚಿ.

8. ನಮ್ಮ ಹೆಣ್ಣುಮಕ್ಕಳಿಗೆ ಹರ್ಪಿಸ್ ಹೆಸರು ಎದುರಾಗುವುದು ಹೆಚ್ಚಾಗಿ ‘ಟಾರ್ಚ್’ ಪರೀಕ್ಷೆಯಲ್ಲಿ. ಎರಡು ಸಲ ಬಸಿರು ಇಳಿಯಿತೆಂದರೆ ಈ ಪರೀಕ್ಷೆ ಬರೆದುಕೊಡುವುದು ದೇಶದ ಉದ್ದಗಲಕ್ಕೂ ಇದೆ. ಅದರ ಕೊನೆಯ ಸಾಲೇ ಹರ್ಪಿಸ್. ಮತ್ತೆ ಮತ್ತೆ ಗರ್ಭಪಾತವಾಗುವುದಕ್ಕೆ ಕಾರಣ ಹುಡುಕಲು ಟಾರ್ಚ್ ಪರೀಕ್ಷೆಯಿಂದ ಉಪಯೋಗವಿಲ್ಲ, ಅದನ್ನು ಕೈಬಿಡಬೇಕು ಎಂದು ಬ್ರಿಟನ್ನಿನ ರಾಯಲ್ ಕಾಲೇಜಿನ ಪ್ರಸೂತಿ ತಜ್ಞರು 2011ರಲ್ಲೇ ಹೇಳಿದ್ದಾರೆ. ಬಸಿರು ನಿಲ್ಲದ ಸಂಕಟದಲ್ಲಿರುವ ಹೆಣ್ಣುಮಗಳ ತಲೆಗೆ ಆ ಸಾಲಿನ ಆಧಾರದ ಮೇಲೆ ಅಪವಾದ ಕಟ್ಟುವುದು ದೊಡ್ಡ ಅನ್ಯಾಯ.

9. ಗುಳ್ಳೆಯೋ ಹುಣ್ಣೋ ಇದ್ದರೆ ರಕ್ತಕ್ಕಿಂತ ಅದೇ ಒಳ್ಳೆಯ ಸಾಕ್ಷಿ. ಹಸಿ ಗುಳ್ಳೆಯ ಬುಡದಿಂದ ಹತ್ತಿಕಡ್ಡಿಯಲ್ಲಿ ತೆಗೆದ ದ್ರವವನ್ನು ಪಿಸಿಆರ್‌ಗೆ ಕಳಿಸಿದರೆ ವೈರಸ್ ಇದೆಯೇ, ಯಾವ ಬಗೆಯದು ಎಂಬುದೆರಡೂ ತಿಳಿಯುತ್ತವೆ. ಹಕ್ಕು ಕಟ್ಟಿದ ಮೇಲೆ ಹೋದರೆ ವೈರಸ್ ಸಿಗದಿರಬಹುದು. ಗುಳ್ಳೆ ಎದ್ದ ಒಂದೆರಡು ದಿನದಲ್ಲೇ, ಯಾವ ಮುಲಾಮೂ ಹಚ್ಚದೆ, ಚರ್ಮದ ಡಾಕ್ಟರಿಗೆ ತೋರಿಸಿ. ಗಾಜಿನ ಪಟ್ಟಿಯ ಮೇಲೆ ಸವರಿ ನೋಡುವ ಅಗ್ಗದ ‘ಟ್ಜಾಂಕ್ ಸ್ಮಿಯರ್’ ಕೂಡ ಸುಳಿವು ಕೊಡುತ್ತದೆ. ಆದರೆ ಅದು ಸರ್ಪಸುತ್ತಿನಲ್ಲೂ ಹಾಗೇ ಕಾಣುತ್ತದೆ.

10. ಸರ್ಕಾರಿ ಆಸ್ಪತ್ರೆಯ ಲೈಂಗಿಕ ಸೋಂಕು ಚಿಕಿತ್ಸಾ ಕೇಂದ್ರಗಳಲ್ಲಿ ಔಷಧಿಗಳು ಬಣ್ಣದ ಕಿಟ್‌ಗಳಲ್ಲಿ ಉಚಿತವಾಗಿ ಸಿಗುತ್ತವೆ. ಹರ್ಪಿಸ್ ಹುಣ್ಣಿಗೆ ಮೀಸಲಾದದ್ದು ಕೆಂಪು ಕಿಟ್. ಅದರಲ್ಲಿರುವುದು ಅಸೈಕ್ಲೋವಿರ್ ಮಾತ್ರೆ: 400 ಮಿಲಿಗ್ರಾಂ, ದಿನಕ್ಕೆ ಮೂರು, ಏಳು ದಿನ. ಡಾಕ್ಟರು ಹುಣ್ಣು ನೋಡಿಯೇ ಇದನ್ನು ಕೊಡುತ್ತಾರೆ, ರಕ್ತದ ರಿಪೋರ್ಟಿಗೆ ಕಾಯುವುದಿಲ್ಲ. ಈ ಔಷಧಿ ರೂಪಿಸಿದ ತಂಡದ ಮುಂದಾಳು ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

11. ಒಂದೇ ಪರೀಕ್ಷೆಗೆ ತೀರ್ಪು ಕೊಡಬಾರದೆಂಬುದು ಹೊಸ ಮಾತಲ್ಲ. ಐಸಿಟಿಸಿಯಲ್ಲಿ, ಅಂದರೆ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಲಕ್ಷಣವಿಲ್ಲದವರಿಗೆ ಎಚ್‌ಐವಿ ಪಾಸಿಟಿವ್ ಎಂದು ಹೇಳಬೇಕಾದರೆ ಮೂರು ಬೇರೆ ಬೇರೆ ಕಿಟ್‌ಗಳಲ್ಲೂ ಹಾಗೇ ಬರಬೇಕು. ಸಿಫಿಲಿಸ್‌ಗೆ ಮೊದಲು ವಿಡಿಆರ್‌ಎಲ್ ಅಥವಾ ಆರ್‌ಪಿಆರ್, ಆಮೇಲೆ ಟಿಪಿಎಚ್‌ಎ. ಏಕೆಂದರೆ ಮಲೇರಿಯಾ, ಕುಷ್ಠ, ಬಸಿರು ಇದ್ದಾಗಲೂ ಮೊದಲನೆಯದು ಸುಳ್ಳು ಹೇಳಬಹುದು. ಇಷ್ಟು ಎಚ್ಚರ ಹರ್ಪಿಸ್‌ಗೂ ಸಲ್ಲಬೇಕು.

12. ಖಚಿತವಾದ ಪಾಸಿಟಿವ್ ಕೂಡ ‘ಯಾವಾಗ ಬಂತು, ಯಾರಿಂದ ಬಂತು’ ಎಂದು ಹೇಳುವುದಿಲ್ಲ. ವೈರಸ್ ನರಗಳ ಗಂಟಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಎಷ್ಟೋ ಜನಕ್ಕೆ ಒಂದು ಗುಳ್ಳೆಯೂ ಎದ್ದಿರುವುದಿಲ್ಲ. ಮದುವೆಗೆ ಮುಂಚಿನದೋ ಆಮೇಲಿನದೋ ಎಂದು ಐಜಿಜಿಯಿಂದ ತಿಳಿಯಲಾಗದು. ರಿಪೋರ್ಟ್ ಮುಂದಿಟ್ಟುಕೊಂಡು ಪಂಚಾಯ್ತಿ ಸೇರಿಸುವುದೂ, ಸೊಸೆಯನ್ನು ತವರಿಗೆ ಅಟ್ಟುವುದೂ ತಪ್ಪು.

13. ಹರ್ಪಿಸ್ ಇದ್ದ ತಾಯಿಗೆ ಆರೋಗ್ಯವಂತ ಮಗು ಹುಟ್ಟುತ್ತದೆ. ಹಳೆಯ ಸೋಂಕಾದರೆ ಮಗುವಿಗೆ ತಗಲುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಹೆರಿಗೆಯ ಹೊತ್ತಿಗೆ ಹೊಸದಾಗಿ ಅಂಟಿದರೆ ಮಾತ್ರ ಅದು ನೂರಕ್ಕೆ 30ರಿಂದ 50ರವರೆಗೆ ಏರುತ್ತದೆ. ಹಾಗಾಗಿ ದಿನ ತುಂಬಿದಾಗ ಗುಳ್ಳೆ, ಉರಿ ಕಂಡರೆ ನಾಚಿಕೆ ಬಿಟ್ಟು ಹೆರಿಗೆ ಡಾಕ್ಟರಿಗೆ ಹೇಳಲೇಬೇಕು.

14. ಎಚ್‌ಎಸ್‌ವಿ-2 ಇದ್ದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು ಮೂರು ಪಟ್ಟು. ಸೋಂಕು ಖಚಿತವಾದರೆ ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿ, ಅದು ಉಚಿತ. ಕಾಂಡೋಮ್ ಬಳಸಿದರೆ ಹರ್ಪಿಸ್ ಹರಡುವುದೂ ಕಡಿಮೆಯಾಗುತ್ತದೆ. ಯಾರಿಗೂ ಮುಖ ತೋರಿಸದೆ ಕೇಳಬೇಕೆಂದರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ.

15. ಕೈಯಲ್ಲಿ ಅನುಮಾನದ ರಿಪೋರ್ಟ್ ಇದೆಯೇ? ಡಾಕ್ಟರ ಮುಂದಿಟ್ಟು ನಾಲ್ಕು ಪ್ರಶ್ನೆ ಕೇಳಿ. ಇದು ಐಜಿಜಿಯೋ ಐಜಿಎಮ್ಮೋ? ಒಂದನೇ ಬಗೆಯೋ ಎರಡನೆಯದೋ? ಅಂಕಿ ಎಷ್ಟು? ಬೇರೆ ವಿಧಾನದಲ್ಲಿ ಖಚಿತ ಮಾಡಿಸಬೇಕೇ, ಇಲ್ಲ 12 ವಾರ ಬಿಟ್ಟು ಬರಬೇಕೇ? ಈ ನಾಲ್ಕಕ್ಕೂ ಉತ್ತರ ಸಿಗುವವರೆಗೆ ಮನೆಯಲ್ಲಿ ಯಾರೂ ಯಾರನ್ನೂ ದೂರಬೇಡಿ.